ಮಾತಿನ ಬಾಲ ನುಂಗುವವರಿಗೆ: ವಾಕ್ ಚಿಕಿತ್ಸಕಿಯ ಜೊತೆ ಪ್ರಶ್ನೋತ್ತರ

ಈ ವಾರ ಗುಂಪಿನಲ್ಲಿ ಉತ್ತರ ಕೊಡುವವರು ಮೈಸೂರಿನ ಕುವೆಂಪುನಗರದಲ್ಲಿ ಕ್ಲಿನಿಕ್ ಇಟ್ಟಿರುವ ವಾಕ್ ಚಿಕಿತ್ಸಕಿ. ದನಿ, ಮಾತು, ಆಫೀಸಿನಲ್ಲಿ ಮಾತಾಡುವ ರೀತಿ, ಏನು ಬೇಕಾದರೂ ಕೇಳಿ. ಹೆಸರು ಹಾಕಬೇಕಾಗಿಲ್ಲ, ಊರು ಮತ್ತು ಕೆಲಸ ಹೇಳಿದರೆ ಸಾಕು.

ಪ್ರಶ್ನೆ (ಮದ್ದೂರು ಕಡೆಯವನು, ಮೈಸೂರಿನಲ್ಲಿ ಕೆಲಸ)

ಮೇಡಂ, ನಮಸ್ತೆ. ದಿನಾ ರೈಲಿನಲ್ಲಿ ಮೈಸೂರಿಗೆ ಬಂದು ಹೋಗುತ್ತೇನೆ. ಒಂದು ಖಾಸಗಿ ಕಂಪನಿಯ ಸಾಲದ ವಿಭಾಗದಲ್ಲಿ ಎರಡು ವರ್ಷದಿಂದ ಇದ್ದೇನೆ. ಊರಲ್ಲಿ ನನ್ನ ದನಿಗೆ ಏನೂ ತೊಂದರೆ ಇಲ್ಲ. ಗದ್ದೆಯ ಈ ಬದುವಿನಿಂದ ಕೂಗಿದರೆ ಆ ಬದುವಿನಲ್ಲಿರುವ ನಮ್ಮಪ್ಪನಿಗೆ ಕೇಳಿಸುತ್ತೆ. ಆದರೆ ಸೋಮವಾರದ ಮೀಟಿಂಗಿನಲ್ಲಿ ಬಾಯಿ ತೆಗೆದರೆ ಮ್ಯಾನೇಜರ್ ಕಿವಿಗೆ ಕೈ ಇಟ್ಟುಕೊಂಡು "ಏನಂದ್ರಿ?" ಅಂತಾರೆ. ಎರಡನೇ ಸಲವೂ "ಏನಂದ್ರಿ?" ಮೂರನೇ ಸಲ ಕೇಳುವ ಹೊತ್ತಿಗೆ ಹೇಳಬೇಕಾಗಿದ್ದು ನನಗೇ ಮರೆತಿರುತ್ತೆ.

ಕಳೆದ ತಿಂಗಳು ಒಂದು ಫೈಲಿನ ಬಗ್ಗೆ "ಈ ವಾರ ಆಗಲ್ಲ" ಅಂದೆ. ಅವರು "ಆಗುತ್ತೆ" ಅಂತ ಕೇಳಿಸಿಕೊಂಡು ಗಿರಾಕಿಗೆ ಮಾತು ಕೊಟ್ಟುಬಿಟ್ಟರು. ಬೈಸಿಕೊಂಡವನು ನಾನು.

ದನಿ ದಪ್ಪ ಮಾಡಿಸುವ ಕೋರ್ಸ್ ಅಂತ ಮೊಬೈಲಿನಲ್ಲಿ ಜಾಹೀರಾತು ಬರುತ್ತಿದೆ, 15,000 ರೂಪಾಯಿ. ಸೇರಲಾ? ಇನ್ನೊಂದು ವಿಷಯ, ಹೇಳೋಕೂ ನಾಚಿಕೆ. ನನಗೆ 'ಹ' ಬರಲ್ಲ. 'ಹಣ' ಅನ್ನೋದನ್ನ 'ಅಣ' ಅಂತೀನಿ. ಸಾಲದ ಆಫೀಸಿನಲ್ಲಿ ಆ ಪದ ದಿನಕ್ಕೆ ನೂರು ಸಲ ಬರುತ್ತೆ. ಪಕ್ಕದ ಸೀಟಿನವರು ನನ್ನನ್ನು 'ಅಣದ ಅಣ್ಣ' ಅಂತಲೇ ಕರೆಯೋದು.

ಉತ್ತರ

ಮೊದಲು ದುಡ್ಡಿನ ಮಾತು ಮುಗಿಸೋಣ. ಸದ್ಯಕ್ಕೆ ಸೇರಬೇಡಿ. ಒಂದು ಗದ್ದೆ ದಾಟುವ ದನಿ ಒಂದು ಮೇಜು ದಾಟುತ್ತಿಲ್ಲ ಅಂದರೆ ದನಿ ಕೆಟ್ಟಿಲ್ಲ, ಮೀಟಿಂಗಿನಲ್ಲಿ ಅದಕ್ಕೆ ಏನೋ ಆಗುತ್ತಿದೆ ಅಂತ ಅರ್ಥ.

ಏನಾಗುತ್ತಿದೆ ಅನ್ನೋದು ನಿಮ್ಮ 'ಆಗಲ್ಲ' ಕಥೆಯಲ್ಲೇ ಇದೆ. ನೀವು ಬಹುಶಃ ಹೀಗೆ ಹೇಳಿರುತ್ತೀರಿ: "ಸರ್, ಆ ಪಾರ್ಟಿದು ಪಹಣಿ ಇನ್ನೂ ನಮ್ಮ ಕೈಗೆ ಬಂದಿಲ್ಲದೆ ಇರೋದರಿಂದ ಈ ವಾರದೊಳಗೆ ಸಾಲ ಮಂಜೂರು ಮಾಡೋಕೆ ಆಗಲ್ಲ." ಈಗ ಇದನ್ನೇ ಒಂದು ಸಲ ಜೋರಾಗಿ ಹೇಳಿ ನೋಡಿ. ಮ್ಯಾನೇಜರಿಗೆ ಬೇಕಾದ ವಿಷಯ ಇರೋದು ಕೊನೆಯ ಪದದಲ್ಲಿ. ಆ ಪದದಲ್ಲೂ ಮೊದಲರ್ಧ ಎರಡಕ್ಕೂ ಒಂದೇ, 'ಆಗ್'. ಆಗುತ್ತೋ ಆಗಲ್ಲವೋ ಅನ್ನೋದು ಬಾಲದ ತುದಿಯಲ್ಲಿದೆ. ಇಂಗ್ಲಿಷಿನಲ್ಲಾದರೆ ಆಗಲ್ಲ ಅನ್ನೋದು ವಾಕ್ಯ ಶುರುವಾದ ಎರಡು ಮೂರು ಪದಕ್ಕೇ ಬಂದುಬಿಡುತ್ತೆ. ಆಮೇಲಿನದು ಕೇಳಿಸದಿದ್ದರೂ ನಡೆಯುತ್ತೆ. ನಮ್ಮಲ್ಲಿ ಇದೆ, ಇಲ್ಲ, ಬೇಕು, ಬೇಡ, ಕೊಡ್ತೀವಿ, ಕೊಡಲ್ಲ, ಎಲ್ಲ ಕೊನೆಗೆ. ಸರಿಯಾಗಿ ಆ ಹೊತ್ತಿಗೇ ಉಸಿರು ಮುಗಿದು ದನಿ ಗಂಟಲೊಳಗೆ ಇಳಿದುಹೋಗಿರುತ್ತೆ.

ನನ್ನ ಹತ್ತಿರ 'ದನಿ ಸಣ್ಣ' ಅಂತ ಬರುವ ಆಫೀಸಿನವರಲ್ಲಿ ಜಾಸ್ತಿ ಜನರ ಕಷ್ಟ ಇದೇ. ಹೋದ ವರ್ಷ ಒಬ್ಬ ಹುಡುಗಿ ಬಂದಿದ್ದಳು, ಕಂಪ್ಯೂಟರ್ ಕಂಪನಿಯವಳು. ಅವಳ ಕೈಲಿ ಮಾತಾಡಿಸಿ ಅವಳ ಮೊಬೈಲಿನಲ್ಲೇ ರೆಕಾರ್ಡ್ ಮಾಡಿದೆ. ರೆಕಾರ್ಡ್ ಆಗುವಾಗ ಪರದೆ ಮೇಲೆ ಗೆರೆಗಳು ಏಳುತ್ತವೆ ನೋಡಿ, ಜೋರಾಗಿ ಮಾತಾಡಿದರೆ ಉದ್ದ, ಮೆತ್ತಗೆ ಆಡಿದರೆ ಗಿಡ್ಡ. ಅವಳ ಒಂದೊಂದು ವಾಕ್ಯವೂ ಇಲಿಯ ಹಾಗೆ ಕಂಡಿತು. ಮುಂದೆ ದಪ್ಪ ಮೈ, ಹಿಂದೆ ದಾರದಂಥ ಬಾಲ. ಅವಳೇ ನೋಡಿ ನಕ್ಕಳು. ದನಿ ಬದಲಾಯಿಸುವ ಕೆಲಸ ನಾನು ಮಾಡಲೇ ಇಲ್ಲ, ಬಾಲ ದಪ್ಪ ಮಾಡಿದ್ದಷ್ಟೇ.

ನೀವೂ ಮಾಡಿ. ಫೋನನ್ನು ಕೋಣೆಯ ಆ ಮೂಲೆಗೆ ಇಡಿ. ಕಳೆದ ಸೋಮವಾರ ಆಡಿದ ಮಾತನ್ನೇ ಈ ಮೂಲೆಯಲ್ಲಿ ಕೂತು ಆಡಿ. ಕೇಳುವಾಗ ಮೊದಲು ಮುಜುಗರ ಆಗುತ್ತೆ, ಇದು ನನ್ನ ದನಿಯಾ ಅಂತ. ನಮ್ಮ ದನಿ ನಮಗೆ ತಲೆಬುರುಡೆಯ ಮೂಳೆ ಮೂಲಕವೂ ಕೇಳಿಸುವುದರಿಂದ ಒಳಗೆ ಸ್ವಲ್ಪ ಗಡಸಾಗಿ ಕೇಳುತ್ತೆ. ಫೋನಿನಲ್ಲಿ ಅದು ಇರಲ್ಲ. ಎಲ್ಲರಿಗೂ ಹೀಗೇ, ತಲೆ ಕೆಡಿಸಿಕೊಳ್ಳಬೇಡಿ. ಎಷ್ಟು ವಾಕ್ಯದ ಕೊನೆ ಪದ ಕೇಳಿಸಲಿಲ್ಲ ಅಂತ ಎಣಿಸಿ, ಅಷ್ಟೇ.

ಸರಿಮಾಡೋದಕ್ಕೆ ಎರಡು ದಾರಿ. ಸುಲಭದ್ದು ಮೊದಲು: ತೀರ್ಪನ್ನು ಮುಂದೆ ತನ್ನಿ. "ಈ ವಾರ ಆಗಲ್ಲ ಸರ್. ಪಹಣಿ ಬಂದಿಲ್ಲ. ಬಂದ ಮೇಲೆ ಎರಡು ದಿನ ಸಾಕು." ಒಂದು ವಾಕ್ಯ ಮೂರಾಯಿತು. 'ಆಗಲ್ಲ' ಅನ್ನೋದು ಉಸಿರು ತುಂಬಿರುವಾಗಲೇ ಬಂತು. ಅಷ್ಟು ಹೇಳಿ ನೀವು ಸುಮ್ಮನಾದರೂ ವಿಷಯ ತಲುಪಿರುತ್ತೆ.

ಎರಡನೇದು ಉಸಿರು. ಮೀಟಿಂಗಿನಲ್ಲಿ ನಿಮ್ಮ ಸರದಿ ಬರುವ ಮೊದಲು ನೀವು ಉಸಿರು ಕಟ್ಟಿಕೊಂಡು ಕೂತಿರುತ್ತೀರಿ, ಗಮನಿಸಿ. ಭುಜ ಮೇಲೆ, ಹೊಟ್ಟೆ ಬಿಗಿ. ಹೆಸರು ಕರೆದ ತಕ್ಷಣ ಇದ್ದಷ್ಟು ಗಾಳಿಯಲ್ಲಿ ಮಾತು ಶುರು. ಗದ್ದೆಯಲ್ಲಿ ಅಪ್ಪನನ್ನು ಕೂಗುವಾಗ ಹೀಗೆ ಮಾಡಲ್ಲ. ನಿಂತು, ಎದೆ ತುಂಬ ಉಸಿರು ಎಳೆದುಕೊಂಡು, ಆಮೇಲೆ "ಅಪ್ಪೋ" ಅಂತೀರಿ. ಅದನ್ನೇ ಇಲ್ಲಿ ತನ್ನಿ, ಕೂಗು ಬೇಡ, ಉಸಿರು ಮಾತ್ರ. ಹೆಸರು ಕರೆದಾಗ ಮೊದಲು ಉಸಿರು ಬಿಡಿ. ಬಿಟ್ಟರೆ ಹೊಸದು ತಾನೇ ಬರುತ್ತೆ. ಮೇಜಿನ ಆ ತುದಿಯಲ್ಲಿ ಕೂತವರನ್ನು ನೋಡಿ ಮಾತು ಶುರುಮಾಡಿ, ಫೈಲನ್ನು ನೋಡಿಕೊಂಡು ಬೇಡ. ಗಲ್ಲ ಎದೆಗೆ ಅಂಟಿದರೆ ದನಿ ಅಲ್ಲೇ ಸಿಕ್ಕಿಕೊಳ್ಳುತ್ತೆ.

ಮನೆಯಲ್ಲಿ ಮಾಡೋಕೆ ಒಂದು ಅಭ್ಯಾಸ ಹೇಳುತ್ತೇನೆ, ನೋಡುವವರಿಗೆ ತಮಾಷೆಯಾಗಿ ಕಾಣುತ್ತೆ. ಅರ್ಧ ಲೋಟ ನೀರು, ಒಂದು ಸ್ಟ್ರಾ. ಸ್ಟ್ರಾ ತುದಿ ಎರಡು ಬೆರಳಿನ ಅಗಲದಷ್ಟು ಮುಳುಗಲಿ. ತುಟಿ ಬಿಗಿದು 'ಊ' ಅಂತ ದನಿ ಮಾಡುತ್ತಾ ಗುಳುಗುಳು ಅನ್ನಿಸಿ. ಸುಮ್ನೆ ಗಾಳಿ ಊದಬೇಡಿ, ದನಿ ಇರಬೇಕು. ಗುಳ್ಳೆ ಒಂದೇ ಸಮ ಬರಬೇಕು, ಕೊನೆಯಲ್ಲೂ. ಗುಳ್ಳೆ ಸಣ್ಣಗಾಗುತ್ತಾ ಹೋದರೆ ಅದೇ ನಿಮ್ಮ ಬಾಲ. ಎರಡು ಮೂರು ನಿಮಿಷ, ದಿನಕ್ಕೆ ಎರಡು ಸಲ ಸಾಕು. ನೀರಿನ ಎದುರೊತ್ತಡ ಧ್ವನಿತಂತುಗಳು, ಅಂದರೆ ಗಂಟಲೊಳಗೆ ಅದುರಿ ದನಿ ಹುಟ್ಟಿಸುವ ಮಡಿಕೆಗಳು, ಒಂದಕ್ಕೊಂದು ಜೋರಾಗಿ ಬಡಿಯದ ಹಾಗೆ ನೋಡಿಕೊಳ್ಳುತ್ತೆ. ಹಾಡುಗಾರರಿಗೂ ಮೇಷ್ಟರುಗಳಿಗೂ ನಾವು ಇದನ್ನೇ ಹೇಳಿಕೊಡೋದು.

'ಹ' ವಿಷಯಕ್ಕೆ ಪ್ರತ್ಯೇಕ ಬರೆಯುತ್ತೇನೆ. ಅದು ನನಗೆ ಇಷ್ಟವಾದ ವಿಷಯ, ಚುಟುಕಾಗಿ ಮುಗಿಸೋಕೆ ಆಗಲ್ಲ.

ಉತ್ತರ, ಮುಂದುವರಿದದ್ದು: 'ಹ'ಕಾರ

ಪಕ್ಕದ ಸೀಟಿನವರಿಗೆ ಇದನ್ನು ಓದಿ ಹೇಳಿ. ಹಳಗನ್ನಡದಲ್ಲಿ ಹಾಲು 'ಪಾಲ್' ಆಗಿತ್ತು, ಹುಲಿ 'ಪುಲಿ', ಹೂವು 'ಪೂ', ಹಣ 'ಪಣ'. ತಮಿಳರು ಈಗಲೂ ಪಾಲ್, ಪುಲಿ, ಪಣಂ ಅಂತಲೇ ಅನ್ನುತ್ತಾರೆ. ಕನ್ನಡದ ಬಾಯಲ್ಲಿ ಆ 'ಪ' ಸವೆದು 'ಹ' ಆಯಿತು. ನಮ್ಮ ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಲ್ಲಿ ಆ 'ಹ' ಇನ್ನೊಂದು ಹೆಜ್ಜೆ ಸವೆದು ಹೋಯಿತು. ಪಣ, ಹಣ, ಅಣ. ನೀವು ತಪ್ಪು ಮಾಡುತ್ತಿಲ್ಲ, ಭಾಷೆ ನಡೆದ ದಾರಿಯಲ್ಲಿ ನಿಮ್ಮೂರು ಒಂದು ಹೆಜ್ಜೆ ಮುಂದಿದೆ. ಇದು ಕಾಯಿಲೆ ಅಂತ ಯಾರಾದರೂ ನನ್ನ ಹತ್ತಿರ ಮಗುವನ್ನು ಕರೆತಂದರೆ ಫೀಸ್ ತೆಗೆದುಕೊಳ್ಳದೆ ವಾಪಸ್ ಕಳಿಸುತ್ತೇನೆ.

ಆದರೂ ಆಫೀಸಿನಲ್ಲಿ 'ಹ' ಬೇಕು ಅನ್ನಿಸಿದರೆ ಕಲಿಯೋದು ಕಷ್ಟವಲ್ಲ. ನಿಮಗೆ 'ಹ' ಬರುತ್ತೆ. ಚಳಿಗೆ ಕೈ ಬೆಚ್ಚಗೆ ಮಾಡಿಕೊಳ್ಳೋಕೆ ಅಂಗೈಗೆ ಉಸಿರು ಬಿಡುತ್ತೀರಲ್ಲ, ಅದೇ 'ಹ'. ಬಾಯಿ ಮುಂದೆ ಅಂಗೈ ಹಿಡಿದು ಜೋಡಿ ಪದ ಹೇಳಿ: ಅಕ್ಕಿ ಹಕ್ಕಿ, ಆಡು ಹಾಡು, ಉಳಿ ಹುಳಿ, ಒಡೆ ಹೊಡೆ, ಎತ್ತು ಹೆತ್ತು. ಎರಡನೇ ಪದಕ್ಕೆ ಅಂಗೈಗೆ ಬಿಸಿ ತಾಕಬೇಕು. ಎಲ್ಲ ಪದವನ್ನೂ ತಿದ್ದಲು ಹೋಗಬೇಡಿ. ಹೋದವರು ಏನು ಮಾಡುತ್ತಾರೆ ಗೊತ್ತಾ? ಹೆದರಿ ಇಲ್ಲದ ಕಡೆಯೂ 'ಹ' ಹಾಕುತ್ತಾರೆ. 'ಆದರೆ' ಹೋಗಿ 'ಹಾದರೆ', 'ಅಧಿಕಾರಿ' ಹೋಗಿ 'ಹಧಿಕಾರಿ'. ಅದು ಜಾಸ್ತಿ ನಗೆಪಾಟಲು. ನಿಮ್ಮ ಕೆಲಸಕ್ಕೆ ಬೇಕಾದ ಹತ್ತು ಪದ ಆರಿಸಿಕೊಳ್ಳಿ. ಹಣ, ಹಕ್ಕು, ಹೆಸರು, ಹಳೆಯ, ಹೊಸ, ಹೀಗೆ. ಅವಿಷ್ಟನ್ನು ಗಟ್ಟಿ ಮಾಡಿ. ಮನೆಗೆ ಹೋದ ಮೇಲೆ ಅಮ್ಮನ ಹತ್ತಿರ 'ಆಲು' ಕೇಳಿ, ತೊಂದರೆ ಇಲ್ಲ.

ಪ್ರಶ್ನೆ (ಮಂಡ್ಯ ತಾಲ್ಲೂಕಿನ ಹೈಸ್ಕೂಲ್ ಮೇಷ್ಟ್ರು)

ಮೇಡಂ, ನನ್ನದು ಉಲ್ಟಾ ಕಷ್ಟ. ದನಿ ಜೋರಾಗೇ ಇತ್ತು. ದಿನಕ್ಕೆ ಐದು ಪೀರಿಯಡ್. ಹತ್ತನೇ ಕ್ಲಾಸಿನಲ್ಲಿ ಅರವತ್ತು ಮಕ್ಕಳು, ಪಕ್ಕದಲ್ಲೇ ರಸ್ತೆ, ಕಬ್ಬಿನ ಟ್ರ್ಯಾಕ್ಟರ್‌ಗಳು ಟೇಪ್ ಹಾಕಿಕೊಂಡು ಹೋಗುತ್ತವೆ. ಶುಕ್ರವಾರ ಸಂಜೆಗೆ ದನಿ ಒಡೆದುಹೋಗಿರುತ್ತೆ. ಭಾನುವಾರ ಸರಿಹೋಗುತ್ತಿತ್ತು. ಈಗ ಎರಡು ತಿಂಗಳಿಂದ ಭಾನುವಾರವೂ ಸರಿಹೋಗುತ್ತಿಲ್ಲ. ಮೆಣಸು, ಕಲ್ಲುಸಕ್ಕರೆ ಬಾಯಲ್ಲಿ ಇಟ್ಟುಕೊಂಡೇ ಪಾಠ ಮಾಡುತ್ತೇನೆ.

ಉತ್ತರ

ಮೇಷ್ಟ್ರೇ, ನಿಮಗೆ ಅಭ್ಯಾಸ ಹೇಳಿಕೊಡುವ ಮೊದಲು ಗಂಟಲು ತೋರಿಸಿ. ದನಿ ಒಡೆದು ಮೂರು ವಾರ ದಾಟಿದರೆ ಕಿವಿ ಮೂಗು ಗಂಟಲಿನ ಡಾಕ್ಟರು ಒಳಗೆ ನೋಡಲೇಬೇಕು. ನಿಮಗೆ ಎರಡು ತಿಂಗಳಾಗಿದೆ. ಸಣ್ಣ ಕ್ಯಾಮರಾ ಬಿಟ್ಟು ನೋಡುತ್ತಾರೆ, ಕೆಲವೇ ನಿಮಿಷದ ಕೆಲಸ. ಮೈಸೂರಿಗೆ ಬರುವ ಹಾಗಿದ್ದರೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದು. ಆಟೋದವರಿಗೆ 'ಸ್ಪೀಚ್ ಅಂಡ್ ಹಿಯರಿಂಗ್' ಅಂದರೆ ತಕ್ಷಣ ಗೊತ್ತಾಗುತ್ತೆ. ಡಾಕ್ಟರು, ವಾಕ್ ಚಿಕಿತ್ಸಕರು ಇಬ್ಬರೂ ಅಲ್ಲಿ ಸಿಗುತ್ತಾರೆ. ದೂರದೂರದ ರಾಜ್ಯಗಳಿಂದ ಜನ ಇಲ್ಲಿಗೆ ಬರುತ್ತಾರೆ, ಮಂಡ್ಯದಿಂದ ನಿಮಗೆ ಒಂದು ಬೆಳಗಿನ ಪ್ರಯಾಣ.

ಮೇಷ್ಟರುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಧ್ವನಿತಂತುಗಳ ಮೇಲೆ ಸಣ್ಣ ಗಂಟು, ಹಾರೆ ಹಿಡಿದ ಕೈಯಲ್ಲಿ ಜಡ್ಡು ಕಟ್ಟುವ ಹಾಗೆ. ಗಂಡಸರ ಮಾತಿನಲ್ಲಿ ಆ ತಂತುಗಳು ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ ಒಂದಕ್ಕೊಂದು ತಾಕುತ್ತವೆ. ಐದು ಪೀರಿಯಡ್ಡಿಗೆ ಲೆಕ್ಕ ಹಾಕಿ, ನೀವು ಗಣಿತದ ಮೇಷ್ಟ್ರೇ ಆಗಿದ್ದರೆ. ಕೂಗಿದರೆ ಅದೇ ತಾಕು ಏಟಾಗುತ್ತೆ. ಗಂಟು ಶುರುವಿನಲ್ಲಿದ್ದರೆ ಎಷ್ಟೋ ಸಲ ಮಾತಿನ ರೀತಿ ಬದಲಾಯಿಸಿದರೇ ಕರಗುತ್ತೆ, ಕತ್ತರಿ ಬೇಕಾಗಲ್ಲ. ಆದರೆ ಗಂಟೇ ಇದೆ ಅಂತ ನೋಡದೆ ನಾನು ಹೇಳಲಾರೆ.

ಮೆಣಸು, ಕಲ್ಲುಸಕ್ಕರೆ ಬಗ್ಗೆ: ನುಂಗಿದ್ದು ಯಾವುದೂ ಧ್ವನಿತಂತುವಿಗೆ ತಾಕಲ್ಲ. ಅದು ಇರೋದು ಉಸಿರಿನ ದಾರಿಯಲ್ಲಿ. ತಪ್ಪಿ ಒಂದು ಹನಿ ಹೋದರೂ ನೆತ್ತಿಗೆ ಹತ್ತಿ ಕೆಮ್ಮು ಬರುತ್ತೆ. ಕಲ್ಲುಸಕ್ಕರೆ ಚೀಪಿದರೆ ಬಾಯಲ್ಲಿ ನೀರೂರುತ್ತೆ, ಹಾಯೆನಿಸುತ್ತೆ, ಅಷ್ಟು ಮಟ್ಟಿಗೆ ಸರಿ. ಮೆಣಸು ಬಿಡಿ. ಒಂದು ಬಾಟಲಿ ನೀರು ಮೇಜಿನ ಮೇಲಿರಲಿ, ಬಾಯಾರುವ ಮೊದಲೇ ಗುಟುಕು ಗುಟುಕಾಗಿ ಕುಡಿಯಿರಿ. ಗಂಟಲು 'ಖರ್ರ್' ಅಂತ ಕೆರೆದುಕೊಳ್ಳುವ ಅಭ್ಯಾಸ ಇರುತ್ತೆ ಎಷ್ಟೋ ಮೇಷ್ಟರಿಗೆ. ಒಂದೊಂದು ಸಲವೂ ತಂತುಗಳನ್ನು ಉಜ್ಜಿದ ಹಾಗೆ. ಕೆರೆಯಬೇಕು ಅನ್ನಿಸಿದಾಗ ಒಂದು ಗುಟುಕು ನೀರು ನುಂಗಿ. ದನಿ ಹೋದಾಗ ಪಿಸುಗುಟ್ಟುವುದೂ ವಿಶ್ರಾಂತಿ ಅಲ್ಲ, ಒತ್ತಿ ಪಿಸುಗುಟ್ಟಿದರೆ ಗಂಟಲು ಇನ್ನೂ ಬಿಗಿಯುತ್ತೆ. ಮಾತೇ ಬೇಡ, ಅಥವಾ ಹತ್ತಿರ ಹೋಗಿ ಮೆತ್ತಗೆ ಮಾತಾಡಿ.

ಟ್ರ್ಯಾಕ್ಟರ್ ವಿಷಯ. ಗದ್ದಲ ಹೆಚ್ಚಿದರೆ ನಮಗೆ ಗೊತ್ತಿಲ್ಲದೆಯೇ ದನಿ ಏರುತ್ತೆ. 1911ರಲ್ಲಿ ಲೊಂಬಾರ್ ಅನ್ನುವ ಫ್ರೆಂಚ್ ಡಾಕ್ಟರು ಇದರ ಬಗ್ಗೆ ಬರೆದರು, ಅವರ ಹೆಸರಲ್ಲೇ ಇದನ್ನು ಲೊಂಬಾರ್ ಪರಿಣಾಮ ಅಂತಾರೆ. ಮಕ್ಕಳ ಗಲಾಟೆಗೆ ನೀವು ಏರಿಸುತ್ತೀರಿ, ನಿಮ್ಮ ದನಿಗೆ ಅವರು ಏರಿಸುತ್ತಾರೆ. ಇದರಲ್ಲಿ ಗೆಲ್ಲೋದು ಅರವತ್ತು ಗಂಟಲು, ಒಂದು ಗಂಟಲಲ್ಲ. ಟ್ರ್ಯಾಕ್ಟರ್ ಹೋಗುವವರೆಗೆ ಬೋರ್ಡಿನ ಮೇಲೆ ಬರೆಯಿರಿ. ಗಲಾಟೆ ನಿಲ್ಲಿಸೋಕೆ ಡಸ್ಟರಿನಿಂದ ಮೇಜು ಕುಟ್ಟಿ, ಗಂಟಲು ಬಳಸಬೇಡಿ. ಸೊಂಟಕ್ಕೆ ಕಟ್ಟುವ ಸಣ್ಣ ಮೈಕ್ ಸಿಗುತ್ತೆ, ನಾಚಿಕೆಪಟ್ಟುಕೊಳ್ಳದೆ ತೆಗೆದುಕೊಳ್ಳಿ.

ಪ್ರಶ್ನೆ (ಮೈಸೂರು, ನೇಮಕಾತಿ ವಿಭಾಗ)

ಮೇಡಂ, ನನ್ನ ದನಿ ಮಗುವಿನ ದನಿ ಥರ ಇದೆ, ಫೋನಿನಲ್ಲಿ "ಅಮ್ಮನಿಗೆ ಕೊಡು ಪುಟ್ಟಾ" ಅಂತಾರೆ. ದನಿ ಕೆಳಗೆ ಇಳಿಸಿ ಮಾತಾಡು ಅಂತ ಸೀನಿಯರ್ ಹೇಳಿದ್ದಾರೆ. ಮಾಡಿದರೆ ಮಧ್ಯಾಹ್ನಕ್ಕೆ ಗಂಟಲು ನೋವು.

ಉತ್ತರ

ಗಂಟಲೇ ಉತ್ತರ ಕೊಟ್ಟಿದೆಯಲ್ಲ. ಒತ್ತಿ ಇಳಿಸಿದ ದನಿ ಗಡಸಾಗಿ ಕೇಳಲ್ಲ, ಬೇಸರದಲ್ಲಿ ಇರುವವರ ಥರ ಕೇಳುತ್ತೆ. ಯಾರಾದರೂ ಮಾತಾಡುವಾಗ ಮಧ್ಯೆ ಮಧ್ಯೆ "ಹ್ಞೂಂ" ಅಂತೀರಲ್ಲ, ಆ ಎತ್ತರವೇ ಹೆಚ್ಚುಕಡಿಮೆ ನಿಮ್ಮ ಸಹಜ ದನಿ. ಫೋನ್ ಎತ್ತುವ ಮೊದಲು ಒಂದು ಸಲ "ಹ್ಞೂಂ" ಅಂದು ಅಲ್ಲಿಂದಲೇ "ನಮಸ್ಕಾರ" ಶುರುಮಾಡಿ. ವಾಕ್ಯದ ಕೊನೆ ಪ್ರಶ್ನೆಯ ಹಾಗೆ ಮೇಲೆ ಹೋಗುತ್ತಿದೆಯಾ ಅಂತಲೂ ಕೇಳಿಸಿಕೊಳ್ಳಿ. "ಸಂದರ್ಶನ ಹನ್ನೊಂದಕ್ಕೆ?" ಅಂದರೆ ಎದುರಿನವರಿಗೆ ಮಗು ನೆನಪಾಗುತ್ತೆ. "ಹನ್ನೊಂದಕ್ಕೆ." ಕೊನೆ ಇಳಿಸಿ. ಎಷ್ಟೋ ಸಲ ಇಷ್ಟಕ್ಕೇ "ಪುಟ್ಟಾ" ನಿಲ್ಲುತ್ತೆ. ಇಷ್ಟು ಮಾಡಿಯೂ ಹಾಗೇ ಇದ್ದರೆ ಒಮ್ಮೆ ಬಂದು ತೋರಿಸಿ.

ಪ್ರತಿಕ್ರಿಯೆ (ನಿವೃತ್ತರು, ಹಿಂದೆ ರೇಡಿಯೊದಲ್ಲಿ ಹೊರಗಿನಿಂದ ಬಂದು ಓದುತ್ತಿದ್ದವರು)

ಅಮ್ಮಾ, ತುಂಬ ಚೆನ್ನಾಗಿ ಹೇಳುತ್ತಿದ್ದೀರಿ. ಒಂದು ಮಾತು ಸೇರಿಸಲಾ? ಮಾತಿನ ವಿಷಯದಲ್ಲಿ ನಮ್ಮ ಮೈಸೂರು ಸಾಮಾನ್ಯ ಊರಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟರು ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ರೇಡಿಯೊ ಕೇಂದ್ರ ಶುರುಮಾಡಿದರು. 'ಆಕಾಶವಾಣಿ' ಅನ್ನುವ ಹೆಸರು ರೇಡಿಯೊಗೆ ಬಂದಿದ್ದು ಇಲ್ಲಿಂದಲೇ.

ನಾನು ಓದುವ ಹಾಳೆಯಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿಕೊಳ್ಳುತ್ತಿದ್ದೆ. ಒಂದು ಗೆರೆ ಅಂದರೆ ಚಿಕ್ಕ ಉಸಿರು, ಎರಡು ಗೆರೆ ಅಂದರೆ ನಿಲ್ಲು. ಕೊನೆ ಪದದ ಅಡಿಗೆ ಗೀಟು. ಈಗಿನ ಮಕ್ಕಳು ಪಿಪಿಟಿ ಅಂತ ಮಾಡುತ್ತಾರಲ್ಲ, ಅದರ ಪಕ್ಕ ಹೀಗೆ ಗುರುತು ಹಾಕಿಕೊಳ್ಳಲಿ. ಬಾಯಲ್ಲಿ ಗೋಲಿ ಇಟ್ಟುಕೊಂಡು ಓದುವ ಅಭ್ಯಾಸವೂ ಒಳ್ಳೆಯದು, ನಮ್ಮ ಕಾಲದಲ್ಲಿ ಮಾಡುತ್ತಿದ್ದೆವು.

ಉತ್ತರ

ಸರ್, ನಮಸ್ಕಾರ. ಗೆರೆಯ ಉಪಾಯ ನನ್ನ ಪೇಷಂಟುಗಳಿಗೆ ಇವತ್ತಿನಿಂದಲೇ ಹೇಳುತ್ತೇನೆ. ಗೋಲಿ ಮಾತ್ರ ಬೇಡ ಸರ್, ನುಂಗಿಬಿಟ್ಟರೆ ಕಷ್ಟ. ನಾಲಿಗೆ ಗೋಲಿಯ ಜೊತೆ ಹೊಂದಿಕೊಳ್ಳೋದನ್ನು ಕಲಿಯುತ್ತೆ, ಗೋಲಿ ಇಲ್ಲದೆ ಮಾತಾಡೋದನ್ನಲ್ಲ. ಪೇಪರಿನ ಒಂದು ಸುದ್ದಿಯನ್ನು ಬಾಯಿ ಅಗಲಿಸಿ, ನಿಧಾನಕ್ಕೆ, ಒತ್ತಕ್ಷರ ಬಿಡದೆ ಓದಿದರೆ ಅದೇ ಫಲ.

ಪ್ರಶ್ನೆ (ಪಾಂಡವಪುರ, ಕೃಷಿ ಯಂತ್ರಗಳ ಮಾರಾಟ)

ನಾನು ಮಾತಿಗೆ ಮುಂಚೆ "ಏನಪ್ಪಾ ಅಂದ್ರೆ" ಅಂತೀನಿ. ವೀಡಿಯೊ ಕಾಲ್‌ನಲ್ಲಿ ಕಂಪನಿಯವರು ಹನ್ನೆರಡು ಸಲ ಅಂದೆ ಅಂತ ಎಣಿಸಿ ಹೇಳಿದರು. ಬಿಡೋದು ಹೇಗೆ?

ಉತ್ತರ

ರೈತರ ಜೊತೆ ಮಾತಾಡುವಾಗ ಬಿಡಲೇಬೇಡಿ. "ಏನಪ್ಪಾ ಅಂದ್ರೆ" ಅಂದಾಗ ಎದುರಿನವರು ಕಿವಿ ಕೊಡುತ್ತಾರೆ, ವಿಷಯ ಬರುತ್ತಿದೆ ಅಂತ ಗೊತ್ತಾಗುತ್ತೆ. ಕಂಪನಿಯವರ ಮುಂದೆ ಅದು ನಿಮಗೆ ಯೋಚಿಸೋಕೆ ಸಮಯ ಕೊಡುತ್ತಿದೆ, ಅಷ್ಟೇ. ಆ ಸಮಯ ತೆಗೆದುಕೊಳ್ಳಿ, ಬಾಯಿ ಮುಚ್ಚಿಕೊಂಡು. ನಿಮಗೆ ಒಂದು ಗಂಟೆ ಅನ್ನಿಸುವ ಮೌನ ಅವರಿಗೆ ಅರೆಕ್ಷಣ. ಇದನ್ನು ಬಿಟ್ಟು "ಆಕ್ಚುಲಿ, ಬೇಸಿಕಲಿ" ಹಿಡಿಯುವವರನ್ನು ನೋಡಿದ್ದೇನೆ. ಅದಕ್ಕಿಂತ ಏನಪ್ಪಾ ಅಂದ್ರೇನೇ ವಾಸಿ.

ಮೊದಲು ಕೇಳಿದವನು, 18 ದಿನದ ಮೇಲೆ

ಮೇಡಂ, ವರದಿ ಕೊಡೋಣ ಅಂತ ಬಂದೆ. ಮೊದಲ ರೆಕಾರ್ಡಿಂಗಿನಲ್ಲಿ 14 ವಾಕ್ಯದಲ್ಲಿ 9ಕ್ಕೆ ಬಾಲ ಇರಲಿಲ್ಲ. ನಿನ್ನೆಯದರಲ್ಲಿ 3. ಸೋಮವಾರ ಮ್ಯಾನೇಜರ್ ಒಂದೇ ಸಲ "ಏನಂದ್ರಿ" ಅಂದರು, ಅದೂ ಅವರ ಫೋನ್ ಹೊಡೆದುಕೊಂಡಿದ್ದಕ್ಕೆ. "ಆಗಲ್ಲ ಸರ್" ಅಂತ ಮೊದಲೇ ಅಂದಾಗ ಅವರು ಸ್ವಲ್ಪ ಗಾಬರಿಯಾದರು. ಜೋರಾಯಿತಾ ಅಂತ ಅನುಮಾನ.

'ಹಣ' ಬರುತ್ತಿದೆ. 'ಹಳೆಯ' ಇನ್ನೂ ಕೈಕೊಡುತ್ತೆ. ಸ್ಟ್ರಾ ಅಭ್ಯಾಸ ಮನೆಯಲ್ಲಿ ಮಾಡೋಕೆ ಹೋದರೆ ಎಮ್ಮೆ ನೀರು ಕುಡಿಯೋ ಸದ್ದು ಅಂತ ನಮ್ಮವ್ವ ಕೊಟ್ಟಿಗೆ ಕಡೆ ಓಡಿದರು. ಒಂದು ಅನುಮಾನ ಉಳಿದಿದೆ. ರೈಲಿನಲ್ಲಿ ಮದ್ದೂರು ವಡೆ ಮಾರುವವರು ದಿನವೆಲ್ಲ ಕೂಗುತ್ತಾರೆ, ಅವರ ದನಿ ಹೋಗಲ್ವಲ್ಲ, ಯಾಕೆ?

ಉತ್ತರ

ಅವರಲ್ಲೂ ಹೋದವರಿದ್ದಾರೆ, ನಮಗೆ ಕಾಣಲ್ಲ. ಆದರೆ ಚೆನ್ನಾಗಿ ಕೂಗುವವರನ್ನು ಗಮನಿಸಿ. ಗಂಟಲಿನಿಂದ ಒತ್ತಲ್ಲ. "ವಡೆ ವಡೆ ವಡೇಯ್" ಅನ್ನುವಾಗ ದನಿಯನ್ನು ಸ್ವಲ್ಪ ಮೂಗಿನ ಕಡೆ ತಂದು ಚೂಪು ಮಾಡುತ್ತಾರೆ. ನಮ್ಮ ಕಿವಿ ಅಂಥ ಚೂಪಾದ ದನಿಯನ್ನು ಬೇಗ ಹಿಡಿಯುತ್ತೆ. ರೈಲಿನ ಗಡಗಡ ಕೆಳಗಿನ ಸ್ವರದಲ್ಲಿ ಇರುತ್ತೆ, ಅವರ ಕೂಗು ಅದರ ಮೇಲೆ ತೇಲಿಕೊಂಡು ಬರುತ್ತೆ. ಮೂರು ಪದ, ಒಂದು ಉಸಿರು, ನಿಲ್ಲು, ನಾಲ್ಕು ಸೀಟು ಮುಂದೆ. ಕೊನೆಯ 'ವಡೇಯ್' ಎಷ್ಟು ಗಟ್ಟಿಯಾಗಿ ಬರುತ್ತೆ ನೋಡಿದ್ದೀರಾ? ಬಾಲ ನುಂಗಿದರೆ ಅವರಿಗೆ ವ್ಯಾಪಾರ ಇಲ್ಲ.

ಮ್ಯಾನೇಜರ್ ಗಾಬರಿಯಾಗಲಿ ಬಿಡಿ, ಎರಡು ವಾರದಲ್ಲಿ ಅಭ್ಯಾಸ ಆಗುತ್ತೆ. ಸ್ಟ್ರಾ ಮಾತ್ರ ಕೊಟ್ಟಿಗೆಯಿಂದ ದೂರ ಕೂತು ಮಾಡಿ.